ಚಹಾ ಇಲ್ಲದ ಊರಾಗ ಒಂದು ಲಗ್ನ

ಖಾನಾಪುರ ಬಸ್ಸು

ಅಮೇರಿಕಾದ ಮಾತು ಹೇಳೂಕಿಂತ ಮೊದಲ ಒಂದು ಬಸ್ಸಿನ ಮಾತು ಹೇಳಬೇಕು. ನಮ್ಮ ಮನಿ ಬೆಳಗಾವಿ ಹಿಂದವಾಡಿಯೊಳಗ. ನನ್ನ ಕೆಲಸ ಖಾನಾಪುರದಾಗ. ಹತ್ತು-ಹನ್ನೆರಡು ಹೆಣಮಕ್ಕಳನ್ನ ಕಟ್ಟಿಕೊಂಡು ಕೌದಿ ಹೊಲಿಸ್ತೀನಿ. ಹಳೇ ಸೀರಿ, ಧೋತರ, ಲಂಗದ ತುಣುಕು ಒಂದರ ಮ್ಯಾಲೊಂದು ಜೋಡಿಸಿ, ಉದ್ದಕ ದಾರ ಓಡಿಸಿ ಮಾಡೂ ಹೊದಿಕಿ ಅದು, ನಿಮ್ಮ ಮನ್ಯಾಗೂ ಒಂದು ಇದ್ದೇ ಇರ್ತೈತಿ. ದಿನಾ ಮುಂಜಾನಿ ಬಸ್ಸು ಹತ್ತತೀನಿ. ಪೀರನವಾಡಿ ಸ್ಟಾಪು ಬಂತು ಅಂದ್ರ ನನ್ನ ಮಾರಿ ತಾನ ಎಡಕ್ಕ ತಿರುಗತೈತಿ. ಯಾಕಂದ್ರ ಬಲಕ್ಕಿರೂ ಓಣಿಯೊಳಗ ನನ್ನ ಒಡಹುಟ್ಟಿದ ತಂಗಿ ಶೋಭಾ ಇರ್ತಾಳ. ಇಪ್ಪತ್ತೆರಡು ವರ್ಷ ಆತು, ಅಕಿ ಕೂಡ ನನಗ ಮಾತಿಲ್ಲ. ಕಾರಣ ಮುಂದ ಹೇಳ್ತೀನಿ, ಅವಸರ ಮಾಡಬ್ಯಾಡ್ರಿ.

ಹೋದ ವರ್ಷ ಚಳಿಗಾಲದಾಗ ನಮ್ಮ ಖಾನಾಪುರದ ಖೋಲಿಗೆ ಅಮೇರಿಕಾದಾಕಿ ಒಬ್ಬಾಕಿ ಬಂದ್ಳು. ಹೆಸರು ಲೊರೇನ್. ಊರು ಯೂಟಾ ರಾಜ್ಯದಾಗ, ಮಂದಿ ಮಾರ್ಮನ್ ಅಂತ ಕರೀತಾರಲ್ಲ, ಆ ಪಂಥದವರ ದೊಡ್ಡ ವಸ್ತಿ ಇರೂದು ಅಲ್ಲೇ. ಅವರ ಹೆಣಮಕ್ಕಳೂ ತುಣುಕು ಅರಬಿ ಜೋಡಿಸಿ ಹೊದಿಕಿ ಹೊಲೀತಾರಂತ. ನಮ್ಮ ಹೊಲಿಗಿ ಕಲೀತೀನಿ ಅಂತ ಮೂರು ವಾರ ಚಾಪಿ ಮ್ಯಾಲ ಕಾಲು ಚಾಚಿ ಕುಂತ್ಳು. ಮೊಣಕಾಲು ಮಡಚಾಕ ಬರಲಿಲ್ಲ ಪಾಪ, ಆದ್ರ ಸೂಜಿ ಮಾತ್ರ ನಮ್ಮವರಿಗಿಂತ ಸಣ್ಣಗೆ ಹಾಕಿದ್ಳು.

ಒಂದಿನ ಕೇಳಿದ್ಳು, ನೀವಿಬ್ಬರೂ ಗಂಡ-ಹೆಂಡತಿ ಮೊದಲ ಎಲ್ಲೆ ಭೇಟಿ ಆದ್ರಿ ಅಂತ. ನನಗ ನಗಿ ಬಂತು. ಭೇಟಿ ಆಗೂದೇನು ಬಂತು? ಅವರು ನಮ್ಮ ಸ್ವಾದರತ್ತಿ ಮಗ. ನಾ ಹುಟ್ಟಿ ತೊಟ್ಟಲದಾಗ ಬಿದ್ದ ದಿನ ಅತ್ತಿ ಬಗ್ಗಿ ನೋಡಿ, "ಇಕಿ ನನ್ನ ಸೊಸಿ, ಬ್ಯಾರೇದವರು ಯಾರೂ ಕೇಳಾಕ ಬರಬ್ಯಾಡ್ರಿ" ಅಂದಿದ್ಳಂತ. ನಮ್ಮ ಮನಿಯವರು ಬಾಜೂಕ ಇದ್ರು, ಅದನ್ನೆಲ್ಲ ಇಂಗ್ಲಿಷಿನ್ಯಾಗ ಒಂದ ಶಬ್ದದಾಗ ಮುಗಿಸಿದ್ರು: ಕಸಿನ್.

ಲೊರೇನ್ ಸೂಜಿ ನಿಂತಿತು. "ಖಾಸ್ ಕಸಿನ್? ಮತ್ತ ಮಂದಿ ಏನೂ ಅನಲಿಲ್ಲ?"

"ಏನಂತಾರ? ಹೋಳಿಗಿ ತಿಂದು, ಅಕ್ಷತಿ ಹಾಕಿ ಹೋದ್ರು" ಅಂದೆ.

ಅಕಿ ನನ್ನ ತೆಕ್ಕಿ ಬಡದು ಅತ್ತುಬಿಟ್ಳು. ನನಗ ಬುಡ-ತುದಿ ತಿಳೀಲಿಲ್ಲ. ನಾಕು ತಿಂಗಳಿಗೆ ಅವರ ಹೊದಿಕಿ ಸಂಘದಿಂದ ಕರಿಯೋಲೆ ಬಂತು, ಇಬ್ಬರೂ ಬರ್ರಿ, ಒಂದು ಲಗ್ನದ ಹೊದಿಕಿ ಹೊಲೀಬೇಕು ಅಂತ. ಯಾರ ಲಗ್ನ ಅಂತ ಬರದಿರಲಿಲ್ಲ.

ಸಾಲ್ಟ್ ಲೇಕ್ ವಿಮಾನ ನಿಲ್ದಾಣ

ನಮ್ಮ ಮನಿಯವರು ಖಾನಾಪುರದ ಹೈಸ್ಕೂಲಿನ್ಯಾಗ ಇಂಗ್ಲಿಷ್ ಕಲಿಸಿ ರಿಟೈರ್ ಆದವರು. ಹೆಸರು ನಾ ಹೇಳೂದಿಲ್ಲ, ನಮ್ಮ ಕಡೆ ಪದ್ಧತಿ ಇಲ್ಲ. ಲೊರೇನ್ ಮಾತ್ರ ರಾಜಾರೋಷ "ಈರಣ್ಣಾ" ಅಂತ ಕರೀತಿದ್ಳು, ಹಂಗಾಗಿ ನಿಮಗೂ ಗೊತ್ತಾತು.

ಪೆಟಿಗಿಯೊಳಗ ನಾ ಇಟ್ಟದ್ದು ಖಡಕ ರೊಟ್ಟಿ, ಶೇಂಗಾ ಚಟ್ನಿಪುಡಿ, ನಾಕು ಡಬ್ಬಿ ಕುಂದಾ, ಸೂಜಿ-ದಾರ. ತಪಾಸಣಿ ಮಾಡೂ ಸಾಹೇಬ ಒಂದು ರೊಟ್ಟಿ ತಗೊಂಡು ಬಟ್ಟಿನಿಂದ ಟಕ್ ಟಕ್ ಅಂತ ಬಡದು ನೋಡಿದ. ಪ್ಯಾಕಿಂಗ್ ರಟ್ಟು ಅಂತ ತಿಳದಿದ್ದ. "ಇದರೊಳಗಿನ ಸಾಮಾನು ಎಲ್ಲೆ?" ಅಂತ ಕೇಳಿದ. (ಅವರು ಅಂದದ್ದನ್ನೆಲ್ಲ ನಮ್ಮ ಬೆಳಗಾವಿ ಮಾತಿನಾಗ ಹೇಳ್ತೀನಿ, ನನಗ ತಿಳಿದದ್ದೂ ಹಂಗ, ಅರ್ಧಾ ನಮ್ಮ ಮನಿಯವರ ಬಾಯಿಲೆ, ಅರ್ಧಾ ನನ್ನ ಹರಕು-ಮುರುಕು ಇಂಗ್ಲಿಷಿನಿಂದ.) ಆಮ್ಯಾಲ ಕುಂದಾದ ಡಬ್ಬಿ ತೆಗಿಸಿದ.

ನಮ್ಮ ಮನಿಯವರು ಹತ್ತನೇತ್ತಾ ಕ್ಲಾಸಿನ ಮುಂದ ನಿಂತಂಗ ಎದಿ ಮುಂದ ಮಾಡಿ ನಿಂತ್ರು. "ಹಾಲು, ಸಾಹೇಬರ. ತಾಳ್ಮಿಲೆ ಕೆಂಪಗ ಸುಟ್ಟದ್ದು."

"ಸುಟ್ಟ ಹಾಲು ಇಷ್ಟು ದೂರ ಯಾಕ ತಂದೀರಿ?"

ಅವರು ಇನ್ನೂ ವ್ಯಾಕರಣ ಹುಡುಕಾಕತ್ತಿದ್ರು. ನಾನ ಡಬ್ಬಿ ತಗೊಂಡು ಸಾಹೇಬನ ಮೂಗಿನ ಹತ್ತರ ಹಿಡಿದೆ. ಅಂವ ಮೂಸಿ ನೋಡಿದ, ನನ್ನ ಮಾರಿ ನೋಡಿದ, ಮತ್ತೊಮ್ಮೆ ಮೂಸಿದ. ನಡೀರಿ ಅಂತ ಕೈ ಮಾಡಿದ.

ಲೊರೇನ್ ಮನಿ

ಅಕಿ ಊರು ಅಲ್ಲಿಂದ ಕಾರಿನ್ಯಾಗ ಎರಡೂವರಿ ತಾಸಿನ ಹಾದಿ, ಗುಡ್ಡದ ನಡುವ ಒಂದು ಬಯಲು. ಏನು ರಸ್ತೆ ಅಂತೀರಿ! ಹಿಂದಿನವರು ಎತ್ತಿನ ಗಾಡಿ ಪೂರಾ ತಿರುಗಬೇಕು ಅಂತ ಅಳತಿ ಹಿಡಿದು ಹಾಕಿದ ರಸ್ತೆಯಂತ. ನಮ್ಮೂರ ವಡಗಾವಿ ಓಣಿಯೊಳಗ ಎರಡು ಸ್ಕೂಟರ್ ಎದರಾಬದರಾ ಬಂದ್ರ ಯಾರರೆ ಒಬ್ಬರು ಯಾರದರೆ ಕಟ್ಟಿ ಏರಬೇಕು. ಇಲ್ಲೆ ರಸ್ತೆದಾಗ ನಡಿಯೂ ಮನಷ್ಯಾರ ಇಲ್ಲ. ಮೊದಲನೇ ದಿನ ನಾವಿಬ್ಬರೂ ಅಡ್ಡಾಡಾಕ ಹೊಂಟ್ರ ಮೂರು ಕಾರು ನಿಂತು, "ಏನಾಗೈತಿ, ಗಾಡಿ ಕೆಟ್ಟೈತೇನು?" ಅಂತ ಕೇಳಿ ಹೋದ್ರು.

ಮರದಿನ ಮುಂಜಾನಿ ನಮ್ಮ ಮನಿಯವರು ಜಳಕಾ, ಪೂಜಿ ಮುಗಿಸಿ ಟೇಬಲ್ಲಿಗೆ ಬಂದು ಕೈ ಕಟ್ಟಿ ಕುಂತ್ರು. ಚಹಾ ಬರತೈತಿ ಅಂತ. ಹಾಲು ಬಂತು, ಬ್ರೆಡ್ ಬಂತು, ಹಣ್ಣು ಬಂತು. ಚಹಾ ಬರಲಿಲ್ಲ. ಕಡೀಕ ಲೊರೇನ್ ಹೇಳಿದ್ಳು, ಅವರ ಪಂಥದಾಗ ದಾರೂ ಇಲ್ಲ, ತಂಬಾಕ ಇಲ್ಲ, ಕಾಫಿ ಇಲ್ಲ, ಚಹಾನೂ ಇಲ್ಲ. ಪುದೀನಾ ಎಲಿ ಹಾಕಿದ ಬಿಸಿನೀರು ಕೊಟ್ಳು. ಅವರು ಅದನ್ನ ಕಷಾಯ ಕುಡಿದಂಗ ಕಣ್ಣು ಮುಚ್ಚಿ ಕುಡಿದ್ರು. "ದಾರೂ ಬಿಟ್ಟದ್ದು ಚಲೋ ಮಾಡ್ಯಾರ" ಅಂದ್ರು ನನ್ನ ಕಿವ್ಯಾಗ. "ಚಹಾ ಏನ್ ತಪ್ಪು ಮಾಡಿತ್ತ?"

ಮಧ್ಯಾಹ್ನ ಅದಕ್ಕಿಂತ ದೊಡ್ಡ ಫಜೀತಿ. ಹಸರ ಬಣ್ಣದ್ದು, ಗಡಗಡ ನಡಗೂದು, ಒಳಗ ಗಜ್ಜರಿ ತುರಿ ಹಾಕಿದ್ದು ಒಂದು ಪದಾರ್ಥ ಬಂತು. ಸೀ ಇತ್ತು, ಎರಡೆರಡು ಸಲ ಹಾಕಿಸಿಕೊಂಡ್ವಿ. ಆಮ್ಯಾಲ ನಮ್ಮ ಮನಿಯವರು ಚಟಕ್ಕ ಅದರ ಡಬ್ಬಿ ಓದಿದ್ರು. ದನದ ಎಲುಬು-ತೊಗಲಿನ ಅಂಟಿನಿಂದ ಮಾಡೂದು ಅಂತ ಲೊರೇನ್ ಬಿಡಿಸಿ ಹೇಳಿದ್ಳು. ಲಿಂಗಪೂಜಿ ಮಾಡೂ ಮಂದಿ ನಾವು! ಇಬ್ಬರೂ ಒಬ್ಬರ ಮಾರಿ ಒಬ್ಬರು ನೋಡಿದ್ವಿ. "ಹಿಂದವಾಡಿಯೊಳಗ ಯಾರ ಮುಂದೂ ಬಾಯಿ ಬಿಡಬ್ಯಾಡ" ಅಂದ್ರು. ನಾ ಈಗ ಬಿಟ್ಟೀನಿ.

ಲೊರೇನ್ ಹೊಲಿಯೂ ಖೋಲಿಯೊಳಗ ಕಟ್ಟಿಗಿ ಚೌಕಟ್ಟಿಗೆ ಅರಬಿ ಬಿಗಿದು, ಸುತ್ತಲೂ ಖುರ್ಚಿ ಹಾಕ್ಕೊಂಡು ಹೊಲಿಯೂದು. ಬಂಧು-ಬಳಗದ ಒಬ್ಬೊಬ್ಬ ಹೆಣಮಗಳು ಒಂದೊಂದು ಚೌಕಾ ಹೊಲಿದು ಕಳಸ್ತಾಳ, ಅವನ್ನೆಲ್ಲ ಜೋಡಿಸಿದ್ರ ಲಗ್ನದ ಹೊದಿಕಿ. ನಟ್ಟನಡುವ ಒಂದು ಚೌಕದ ಜಾಗಾ ಖಾಲಿ ಇತ್ತು.

"ಅದು ನನ್ನ ಮಗಳು ಕ್ಯಾರೊಲ್ ಕೊಡಬೇಕಾದ್ದು" ಅಂದ್ಳು ಲೊರೇನ್. "ಲಗ್ನ ನಂದ, ಗಂಗಾ."

ಅಲ್ಲೇ ಎಲ್ಲಾ ಹೇಳಿದ್ಳು. ಡೀನ್ ಅನ್ನಾಂವ ಅಕಿ ಕಸಿನ್. ಹತ್ತೊಂಬತ್ತರ ವಯಸ್ಸಿನ್ಯಾಗ ಇಬ್ಬರದೂ ಮನಸ್ಸು ಕೂಡಿತ್ತು. ಆದ್ರ ಆ ರಾಜ್ಯದ ಕಾಯ್ದೆದಾಗ ಖಾಸ್ ಕಸಿನ್‌ಗಳು ಲಗ್ನ ಆಗೂವಂಗಿಲ್ಲ. ಮನಿ ಮಂದೀನೂ ಬ್ಯಾಡ ಅಂದ್ರು. ಇಕಿ ಒಬ್ಬನ್ನ ಮಾಡಿಕೊಂಡ್ಳು, ಅಂವ ಒಬ್ಬಾಕಿನ್ನ ಮಾಡಿಕೊಂಡ. ಇಬ್ಬರೂ ಚಂದಾಗೇ ಸಂಸಾರ ಮಾಡಿದ್ರು. ಆಮ್ಯಾಲ ಇಕಿ ಗಂಡನೂ, ಅವನ ಹೆಂಡತಿನೂ ತೀರಿಹೋದ್ರು. ಈಗ ಆ ಕಾಯ್ದೆದಾಗ ಒಂದು ಕಿಂಡಿ ಐತಿ: ಇಬ್ಬರಿಗೂ ಅರವತ್ತೈದು ತುಂಬಿದ್ರ ಲಗ್ನಕ್ಕ ಅಡ್ಡಿಯಿಲ್ಲ. ಐವತ್ತೈದಕ್ಕೂ ಆಗತೈತಿ, ಆದ್ರ ಕೋರ್ಟಿಗೆ ಹೋಗಿ ನಮಗ ಇನ್ನ ಮಕ್ಕಳಾಗೂದಿಲ್ಲ ಅಂತ ತೋರಿಸಿಕೊಡಬೇಕು. "ಜಡ್ಜನ ಮುಂದ ಅದನ್ನೆಲ್ಲ ಯಾರು ಹೇಳ್ತಾರ?" ಅಂತ ಲೊರೇನ್ ಕೆಂಪಗಾದ್ಳು. ಅಕಿಗೆ ಅರವತ್ತಾರು. ಡೀನ್‌ಗೆ ಬರೂ ಬುಧವಾರ ಅರವತ್ತೈದು ತುಂಬತಿದ್ವು.

"ಬಾಜು ರಾಜ್ಯಕ್ಕ ಹೋದ್ರ ಯಾವ ವಯಸ್ಸಿಗೂ ನಡೀತೈತಿ. ಆದ್ರ ನಮ್ಮವರನ್ನ ಬಿಟ್ಟು ಗಡಿ ದಾಟಿ ಯಾಕ ಹೋಗ್ಲಿ?" ಅಂದ್ಳು. ಬೆಳಗಾವಿಯಾಕಿ ನಾನು, ಗಡಿ ಮಾತು ನನಗ ಯಾರೂ ಬಿಡಿಸಿ ಹೇಳೂದು ಬ್ಯಾಡ.

ಅಡ್ಡಿ ಇದ್ದದ್ದು ಮಗಳದು. ಕ್ಯಾರೊಲ್ ಲಗ್ನಕ್ಕ ಬರೂದಿಲ್ಲ ಅಂತ ಕುಂತಿದ್ಳು. ಅಕಿ ಬರಲಿಲ್ಲಂದ್ರ ತಾನೂ ಲಗ್ನ ಆಗೂದಿಲ್ಲ ಅಂತ ತಾಯಿ. "ರವಿವಾರ ಊಟಕ್ಕ ಬರ್ತಾಳ. ನೀ ಹೇಳು ಗಂಗಾ. ನಿನ್ನ ಮಾತು ಕೇಳಿದ್ರ ಕೇಳ್ಯಾಳು" ಅಂತ ಲೊರೇನ್ ನನ್ನ ಕೈ ಹಿಡಿದ್ಳು.

"ಅಯ್ಯ, ಇಷ್ಟ ಏನು? ಹೇಳ್ತೀನಿ ಬಿಡು" ಅಂದುಬಿಟ್ಟೆ. ಮಾತು ಕೊಡೂ ಮುಂದ ಒಂದು ಪ್ರಶ್ನೆ ಕೇಳಬೇಕಾಗಿತ್ತು, ಕೇಳಲಿಲ್ಲ.

ಗೋಡಿ ಮ್ಯಾಲಿನ ವಂಶ

ಈ ಮಂದಿಗೆ ವಂಶದ ಹುಚ್ಚು ಭಾಳ. ನಮ್ಮಲ್ಲೆ ಹೆಳವಪ್ಪ ಅಂತ ಬರ್ತಾನ, ವರ್ಷಗಟ್ಟಲೆ ಬಿಟ್ಟು ಒಮ್ಮೆ, ಪಡಸಾಲ್ಯಾಗ ಕುಂತು ನಮ್ಮ ಮುತ್ತಜ್ಜನ ಮುತ್ತಜ್ಜನ ಹೆಸರು ಹೇಳಿ ಕಾಳು-ಕಡಿ ತಗೊಂಡು ಹೋಗ್ತಾನ. ಇಲ್ಲೆ ಮನಿ-ಮನಿಯಾಗೂ ಒಬ್ಬ ಹೆಳವ. ಲೊರೇನ್ ಮನಿ ಪಡಸಾಲಿ ಗೋಡಿ ತುಂಬ ಒಂದು ನಕ್ಷಾ. ಇಂಗ್ಲೆಂಡಿನಿಂದ ಬಂದವರು ಯಾರು, ಡೆನ್ಮಾರ್ಕಿನಿಂದ ಬಂದವರು ಯಾರು, ಎಲ್ಲಾ ಬರದಾರ.

ನಾ ಮೊದಲ ದಿನದಿಂದ ಅದನ್ನ ಆಸೆಲೆ ನೋಡತಿದ್ದೆ. ಹೊರಡೂ ಮುಂದ ಯಾರೋ ನಮ್ಮ ಮನಿಯವರಿಗೆ ಹೇಳಿದ್ರು, ಮಾರ್ಮನ್ ಮಂದಿಯೊಳಗ ಎಲ್ಲಾ ತಮ್ಮ-ತಮ್ಮೊಳಗ ಲಗ್ನ ಅಂತ. ನನಗ ಖುಷಿ ಆಗಿತ್ತು, ಹಂಗಾದ್ರ ನಮ್ಮಂಥಾ ಮಂದೀನ ಅಂತ. ಶುಕ್ರವಾರ ಚಾಳೀಸ ಹಾಕ್ಕೊಂಡು ಬಟ್ಟು ಇಟ್ಟು ಹುಡುಕಿದೆ. ಎರಡು ಸಿಕ್ಕವು. ಅಷ್ಟು ದೊಡ್ಡ ನಕ್ಷಾದಾಗ ಎರಡ! ಅದೂ ಒಂದು ದೂರದ್ದು.

"ಇಷ್ಟ?" ಅಂದೆ.

ಲೊರೇನ್ ನಕ್ಕಳು. "ಎಲ್ಲಾರೂ ಹಂಗ ತಿಳೀತಾರ. ಹಿಂದಿನ ಕಾಲದಾಗ ನಮ್ಮವರೊಳಗ ಕೆಲವರು ನಾಕಾರು ಹೆಂಡರನ್ನ ಮಾಡಿಕೋತಿದ್ರು, ಬಯಲಿಗೆ ನಾಕ ಮನಿತನ. ಹಂಗಾಗಿ ತಿರುಗಿ ಮುರುಗಿ ಎಲ್ಲಾರೂ ಎಲ್ಲಾರಿಗೂ ಏನರೆ ಆಗಬೇಕು. ಆದ್ರ ಹತ್ತು ದೇಶದಿಂದ ಬಂದ ಮಂದಿ, ಖಾಸ್ ಕಸಿನ್ ಲಗ್ನ ಭಾಳ ಆಗಲಿಲ್ಲ. ನಮ್ಮಿಂದ ಒಡೆದು ಹೋಗಿ ದೂರ ಇರೂ ಸಣ್ಣ ಗುಂಪುಗಳೊಳಗ ಹೆಚ್ಚು. ಮಂದಿಗೆ ಅವರಿಗೂ ನಮಗೂ ಫರಕ ತಿಳಿಯೂದಿಲ್ಲ, ಎಲ್ಲಾರನ್ನೂ ಸೇರಿಸಿ ನಗ್ತಾರ."

ನಾ ನಮ್ಮದನ್ನ ಹೇಳಿದೆ. ನಮ್ಮ ಅಜ್ಜಿ ತನ್ನ ಸ್ವಾದರಮಾವನ್ನ ಮಾಡಿಕೊಂಡಾಕಿ. ಅಜ್ಜಿ ತಂಗೀನೂ ಅದ ಮನಿಗೆ ಸೊಸಿ. ನಮ್ಮತ್ತಿ ನನ್ನ ಗಂಡನ ತಾಯಿ, ನಮ್ಮಪ್ಪ ನನ್ನ ಗಂಡನ ಮಾವ, ಹೆಣ್ಣು ಕೊಟ್ಟದ್ದಕ್ಕಲ್ಲ, ಹುಟ್ಟಿನಿಂದನ. ನಮ್ಮ ಓಣಿ ಒಂದ ಸಾಕು, ಇವರ ಇಡೀ ಊರನ್ನ ಹಿಂದ ಹಾಕಾಕ. ಲೋಕ ನಗೂದು ಇವರನ್ನ ನೋಡಿ, ನಾವು ಆರಾಮ ಹೋಳಿಗಿ ತಿನ್ನಾಕತ್ತೇವಿ. ಲೊರೇನ್ ಹೊಟ್ಟಿ ಹಿಡಕೊಂಡು ನಕ್ಕಳು.

ನಗೂ ಭರದಾಗ ಕೇಳಿದೆ, "ಡೀನ್ ಎಲ್ಲೆ ಇದರಾಗ? ನಿಮ್ಮತ್ತಿ ಮಗನೋ, ಮಾವನ ಮಗನೋ?"

ಅಕಿ ತನ್ನ ತಾಯಿ ಹೆಸರಿನ ಮ್ಯಾಲ ಬಟ್ಟಿಟ್ಳು. ಅಲ್ಲಿಂದ ಬಾಜೂಕ ಸರಿಸಿದ್ಳು. "ಇಕಿ ನಮ್ಮವ್ವನ ಅಕ್ಕ. ಡೀನ್ ಇಕಿ ಮಗ."

ದೊಡ್ಡವ್ವನ ಮಗ! ಶಿವನ, ಅಂವ ಅಣ್ಣಲ್ಲ? ಅತ್ತಿ ಮಗ ಬ್ಯಾರೆ, ಮಾವನ ಮಗ ಬ್ಯಾರೆ. ಅವ್ವನ ಅಕ್ಕ-ತಂಗಿಯರ ಮಕ್ಕಳು ಅಂದ್ರ ನಮ್ಮಲ್ಲೆ ಖುದ್ದು ಒಡಹುಟ್ಟಿದವರು. ಇವರು ಎರಡನ್ನೂ ಒಂದ ಖಾನೆಯೊಳಗ ಹಾಕಿ ಕಸಿನ್ ಅಂತ ಬರದಾರ. ತಲಿ ನೋಯಾಕತ್ತೈತಿ ಅಂತ ಹೇಳಿ ಹಿತ್ತಲಕ್ಕ ಹೋದೆ.

ಜರ್ದಾಳು ಗಿಡದ ಕೆಳಗ

ಹಿತ್ತಲದಾಗ ಜರ್ದಾಳು ಗಿಡದ ಕೆಳಗ ನಮ್ಮ ಮನಿಯವರು ತಲಿ ಹಿಡಕೊಂಡು ಕುಂತಿದ್ರು. ಚಹಾ ಇಲ್ಲದ್ದಕ್ಕ ಅವರಿಗೆ ಖರೇನ ತಲಿನೋವು.

ಈಗ ಶೋಭಾನ ಮಾತು ಹೇಳಬೇಕು. ಮಹಾಂತೇಶಣ್ಣ ನಮ್ಮ ದೊಡ್ಡವ್ವನ ಮಗ, ನನಗಿಂತ ಒಂದು ವರ್ಷ ದೊಡ್ಡಾಂವ. ನಾವೆಲ್ಲ ಒಂದ ತಾಟಿನ್ಯಾಗ ಉಂಡು ಬೆಳದವರು. ಪಂಚಮಿಗೆ ಅವಗ ಜೋಕಾಲಿ ಕಟ್ಟು ಅಂತ ಗಂಟು ಬೀಳತಿದ್ವಿ. ಇಪ್ಪತ್ತೆರಡು ವರ್ಷದ ಹಿಂದ ಶೋಭಾ ಅವನ ಕೂಡ ಮನಿ ಬಿಟ್ಟು ಹೋದ್ಳು. ಯಾವ ಮಠದಾಗೂ ಅವರ ಲಗ್ನಾ ಹಚ್ಚಲಿಲ್ಲ, ನಮ್ಮ ಕಾಯ್ದೆನೂ ಅದನ್ನ ಒಪ್ಪೂದಿಲ್ಲ. ಒಬ್ಬರಿಗೊಬ್ಬರು ಮಾಲಿ ಹಾಕ್ಕೊಂಡು ಪೀರನವಾಡಿಯೊಳಗ ಮನಿ ಹಿಡಿದ್ರು. ಅವ್ವ-ಅಪ್ಪ ಅದ ಸಂಕಟದಾಗ ಹೋದ್ರು. ಅಕಿ ಹೆಸರು ಮನ್ಯಾಗ ಎತ್ತಬಾರದು ಅಂತ ಕಟ್ಟು ಮಾಡಿದಾಕಿ ನಾನ.

ಡೀನ್ ದೊಡ್ಡವ್ವನ ಮಗ ಅಂತ ಹೇಳಿದೆ. "ರವಿವಾರ ನಾ ಹ್ಯಾಂಗ ಬಾಯಿ ತೆಗೀಲಿ? ಶೋಭಾ ಮಾಡಿದ್ದ ಇಕೀನೂ ಮಾಡಾಕತ್ತಾಳ. ಅಲ್ಲೆ ಬ್ಯಾಡ ಅಂದಾಕಿ ಇಲ್ಲೆ ಮಾಡಿಕೋ ಅನ್ನಲ್ಯಾ?"

ಅವರು ಒಂದೂ ಮಾತು ಕಿವಿಗೆ ಹಾಕ್ಕೊಳ್ಳಲಿಲ್ಲ. ಕಣ್ಣು ಮುಚ್ಚಿ, "ಶೋಭಾನ ಕೈಯ್ಯಾಗಿನ ಚಹಾ ಒಂದು ಅರ್ಧಾ ಕಪ್ಪು ಸಿಕ್ಕಿದ್ರ ಸಾಕಾಗಿತ್ತು ನೋಡು ಈಗ. ಯಾಲಕ್ಕಿ ಹಾಕ್ತಾಳ" ಅಂದ್ರು.

ನಾ ತಿರುಗಿ ನೋಡಿದೆ. "ಯಾರ ಕೈಯ್ಯಾಗಿನ ಚಹಾ?"

ಅವರ ಕಣ್ಣು ತೆರದ್ವು. ಮಾತು ನುಂಗಾಕ ನೋಡಿದ್ರು, ಆಗಲಿಲ್ಲ. "ವಾರಕ್ಕೆರಡು ಸಲ ಹೋಗ್ತೀನಿ, ಗಂಗಾ. ಮೊದಲ ಟ್ಯೂಷನ್ ಅಂತ ಹೇಳ್ತಿದ್ದೆ, ಈಗ ಪೆನ್ಶನ್ ಕೆಲಸ ಅಂತ ಹೇಳ್ತೀನಲ್ಲ, ಅದು."

"ಎಷ್ಟು ವರ್ಷದಿಂದ?"

"ಅವರ ಮಗಳು ಅಂಬೆಗಾಲು ಇಡತಿತ್ತು ಆವಾಗ. ಈಗ ಕಾಲೇಜಿಗೆ ಹೊಕ್ಕೈತಿ."

ನನ್ನ ಸಿಟ್ಟು ನೆತ್ತಿಗೇರಿತು. ಊರಾಗಿದ್ದಿದ್ರ ತವರಮನಿಗೆ ಹೋಗಿ ಕುಂದರತಿದ್ದೆ. ಅದರಾಗೂ ಏನು ಉಪಯೋಗ? ನನ್ನ ತವರಮನಿ ಅಂದ್ರ ಅವರ ಮಾವನ ಮನಿ. ನಾ ಅತಗೊಂತ ಹೋದ್ರೂ ಅಲ್ಲಿ ಮೊದಲ ತಾಟು ಹಾಕೂದು ಅವರಿಗೆ. ಅತ್ತಿ ಮಗನ್ನ ಮಾಡಿಕೊಂಡ್ರ ಇದೊಂದು ತ್ರಾಸು, ಜಗಳಾಡಿ ಹೋಗಾಕ ಬ್ಯಾರೆ ಮನಿ ಇರೂದಿಲ್ಲ.

"ನನ್ನ ಯಾಕ ಕರಕೊಂಡು ಹೋಗಲಿಲ್ಲ?" ಅಂದೆ. ಬೈಯೂದು ಬಿಟ್ಟು ಇದ ಯಾಕ ಬಾಯಾಗ ಬಂತೋ.

"ಪೀರನವಾಡಿ ಬಂದಾಗೆಲ್ಲ ನಿನ್ನ ಮಾರಿ ನೋಡತಿದ್ದೆ. ಎಡಕ್ಕ ತಿರುಗಿರತಿತ್ತು" ಅಂದ್ರು.

ರವಿವಾರದ ಊಟ

ಕ್ಯಾರೊಲ್ ಗಂಡ-ಮಕ್ಕಳ ಕೂಡ ಬಂದ್ಳು. ನಲವತ್ತರ ಆಜೂಬಾಜು, ಸಣ್ಣ ಮಕ್ಕಳ ಸಾಲಿ ಟೀಚರ್, ಮಾತು ನೆಟ್ಟಗ. ಡೀನ್ ಟೇಬಲ್ಲಿನ ತುದಿಗೆ ಕುಂತಿದ್ದ. ಎತ್ತರದ ಆಳು, ಟ್ರ್ಯಾಕ್ಟರ್ ರಿಪೇರಿ ಮಾಡೂ ಕೈ, ಆದ್ರ ಪರೀಕ್ಷಾಕ್ಕ ಬಂದ ಹುಡುಗನಂಗ ಬಟ್ಟು ಹಿಚುಕಿಕೋತ ಇದ್ದ. ಪ್ರಾರ್ಥನಾ ಆತು. ಆಲೂಗಡ್ಡಿ ಬಂತು. ಹಸರದ್ದು ಮತ್ತ ಬಂತು, ನಾವಿಬ್ಬರೂ ಬ್ಯಾಡ ಅಂದ್ವಿ.

ಕ್ಯಾರೊಲ್ ಸುತ್ತಿ ಬಳಸಲೇ ಇಲ್ಲ. "ಅವ್ವ ಹೇಳ್ಯಾಳ, ನಿಮ್ಮ ಊರಾಗ ಇದು ತಪ್ಪಲ್ಲಂತ. ಖರೇನೇನ್ರಿ?"

ಲೊರೇನ್ ನನ್ನ ಕಡೆ ನೋಡಿದ್ಳು. ಎಷ್ಟು ಆಸೆಲೆ ನೋಡಿದ್ಳು ಅಂತ ಹ್ಯಾಂಗ ಹೇಳಲಿ. ಹೌದು ಅಂದುಬಿಟ್ರ ಮುಗೀತಿತ್ತು. ನನ್ನ ನಾಲಿಗಿ ಸುಳ್ಳಿಗೆ ಹೊರಳಲಿಲ್ಲ.

"ನಾ ನಮ್ಮತ್ತಿ ಮಗನ್ನ ಮಾಡಿಕೊಂಡಾಕಿ. ಅದು ನಮ್ಮಲ್ಲೆ ತಪ್ಪಲ್ಲ" ಅಂದೆ. "ಆದ್ರ ಅವ್ವನ ಅಕ್ಕನ ಮಗ ಅಂದ್ರ ಅಣ್ಣ. ಇವರಿಬ್ಬರದು ನಮ್ಮಲ್ಲೆ ಆಗೂದಿಲ್ಲ."

ಲೊರೇನ್ ಚಮಚಾ ತಾಟಿನ ಮ್ಯಾಲ ಬಿತ್ತು. ನಮ್ಮ ಮನಿಯವರು ಟೇಬಲ್ಲಿನ ಕೆಳಗ ನನ್ನ ಕಾಲು ತುಳಿದ್ರು. ಕ್ಯಾರೊಲ್ ಗೆದ್ದವರಂಗ ಕಾಣಲಿಲ್ಲ, ಗೊಂದಲಾಗಿ ನೋಡಿದ್ಳು. "ಹಂಗಾದ್ರ ನಿಮ್ಮದು ನಡೀತೈತಿ, ಇವರದು ನಡಿಯೂದಿಲ್ಲ? ನಮ್ಮ ಕಾಯ್ದೆದಾಗ ಎರಡೂ ಒಂದ."

"ನಿಮ್ಮ ಕಾಯ್ದೆದ ಪ್ರಕಾರ ನಾವೂ ತಪ್ಪೇನು?"

ನಮ್ಮ ಮನಿಯವರು ಗಂಟಲಾ ಸರಿ ಮಾಡಿಕೊಂಡ್ರು. "ಇಲ್ಲೆ ಲಗ್ನ ಆಗೂದಿದ್ರ ನನಗ ಅರವತ್ತೈದು ಆಗ್ಯಾವು, ತೊಂದರಿಲ್ಲ. ಇಕಿಗೆ ಇನ್ನೂ ಒಂಬತ್ತು ವರ್ಷ ಕಡಿಮಿ. ಕಾಯಬೇಕು."

ಮೊದಲ ನಕ್ಕಾಂವ ಡೀನ್. ಆಮ್ಯಾಲ ಕ್ಯಾರೊಲ್ ಗಂಡ. ಕ್ಯಾರೊಲ್‌ಗೂ ತಡಕೊಳ್ಳಾಕ ಆಗಲಿಲ್ಲ, ಆದ್ರ ನಕ್ಕೋತ ನಕ್ಕೋತ ಅಕಿ ಕಣ್ಣು ತುಂಬಿದ್ವು. "ನಾ ಕಾಲೇಜಿಗೆ ಬ್ಯಾರೆ ರಾಜ್ಯಕ್ಕ ಹೋದಾಗ ಮೊದಲನೇ ದಿನ ಕೇಳಿದ್ರು, ನಿಮ್ಮಪ್ಪಗ ಎಷ್ಟು ಹೆಂಡರು, ನಿಮ್ಮವ್ವ ನಿಮ್ಮಪ್ಪನ ಕಸಿನ್ನೇನು ಅಂತ. ನಾಕು ವರ್ಷ ಅದ ಚಾಷ್ಟಿ. ಅದೆಲ್ಲ ಸುಳ್ಳು, ನಾವು ಹಂಗಿಲ್ಲ ಅಂತ ಹೇಳಿ ಹೇಳಿ ನನ್ನ ಬಾಯಿ ಸೋತೈತಿ. ಈಗ ನಮ್ಮವ್ವನ ಅದನ್ನ ಖರೇ ಮಾಡಾಕ ಹೊಂಟಾಳ."

ನನಗ ಅಕಿ ಮ್ಯಾಲ ಸಿಟ್ಟು ಬರಲಿಲ್ಲ. ಆ ಮಾತು ನನಗ ಗೊತ್ತಿದ್ದದ್ದ. ಊರ ಮಂದಿ ಏನಂದಾರು ಅಂತ ನಾನೂ ಅಂಜಿದಾಕಿ. ಶೋಭಾನ ಮಾತು ಹೇಳಿದೆ, ತಡವರಿಸಿಕೋತ, ನಮ್ಮ ಮನಿಯವರು ಇಂಗ್ಲಿಷ್ ಮಾಡಿಕೋತ. ಬಸ್ಸಿನ ಮಾತು ಹೇಳಿದೆ, ಎಡಕ್ಕ ತಿರಗೂ ಮಾರಿ ಮಾತು ಹೇಳಿದೆ. ಇವರು ಕದ್ದು ಚಹಾ ಕುಡಿದದ್ದನ್ನೂ ಹೇಳಿದೆ, ಬಿಡತೀನೇನು?

"ಅಕಿ ಮಾಡಿದ್ದು ನನಗ ಇವತ್ತಿಗೂ ಸರಿ ಅನಸೂದಿಲ್ಲ. ಇಪ್ಪತ್ತೆರಡು ವರ್ಷ ನನ್ನ ಮಾತ ನಡೀತು, ನಾನ ಗೆದ್ದೆ. ಏನ್ ಸಿಕ್ತವಾ ನನಗ? ಅಕಿ ಮಗಳ ಹೆಸರೂ ನನಗ ಗೊತ್ತಿಲ್ಲ" ಅಂದೆ. ಅಷ್ಟಕ್ಕ ನನಗ ಅಳು ಬಂತು, ಮಂದಿ ಮನ್ಯಾಗ, ಆಲೂಗಡ್ಡಿ ತಾಟಿನ ಮುಂದ.

ಕ್ಯಾರೊಲ್ ಎದ್ದು ತಾಟು ಒಟ್ಟು ಮಾಡಾಕತ್ತಿದ್ಳು. ಹೋಗೂ ಮುಂದ ಹೊಲಿಯೂ ಖೋಲಿ ಬಾಗಲದಾಗ ಒಂದು ಗಳಿಗಿ ನಿಂತು, ಆ ಖಾಲಿ ಚೌಕಾ ನೋಡಿ ಹೋದ್ಳು. ಲೊರೇನ್ ಅವತ್ತು ನನ್ನ ಕೂಡ ಹೆಚ್ಚು ಮಾತಾಡಲಿಲ್ಲ. ಬುಧವಾರ ಡೀನ್‌ಗೆ ಅರವತ್ತೈದು ತುಂಬಿದ್ವು. ಕೇಕ್ ಕತ್ತರಿಸಿದ್ರು, ಲಗ್ನದ ಮಾತು ಯಾರೂ ತೆಗೀಲಿಲ್ಲ. ಎಲ್ಲಾ ಕೆಡಿಸಿಬಿಟ್ಟೆ ಅಂತ ನನಗ ರೊಟ್ಟಿ ಸೇರಲಿಲ್ಲ.

ಗುರುವಾರ ಸಂಜಿಮುಂದ ಕ್ಯಾರೊಲ್ ಕಾರು ಬಂತು. ಒಳಗ ಬಂದು ತಾಯಿ ಮುಂದ ಒಂದು ಚೌಕಾ ಇಟ್ಳು. ಹೊಲಿಗಿ ಸೊಟ್ಟ ಇತ್ತು, ಅಕಿಗೆ ಹೊಲಿಯಾಕ ಬರೂದಿಲ್ಲಂತ. "ನನಗ ಇನ್ನೂ ಪೂರಾ ಒಪ್ಪಿಗಿ ಇಲ್ಲವಾ" ಅಂದ್ಳು. "ಆದ್ರ ಬರ್ತೀನಿ."

ಬಾಸ್ಕೆಟ್‌ಬಾಲ್ ಹಾಲ್

ಮರದಿನ ಮೂವರೂ ಕುಂತು ಹೊದಿಕಿ ಮುಗಿಸಿದ್ವಿ. ನಮ್ಮಲ್ಲೆ ಕೌದಿ ಕಡೇ ಮೂಲಿ ಮುಚ್ಚೂ ಮುಂದ ಒಳಗ ಒಂದು ತುಣುಕು ರೊಟ್ಟಿನೋ ಹೋಳಿಗಿನೋ ಇಟ್ಟು ಹೊಲೀತೀವಿ. ಕೌದಿ ಹಸಗೊಂಡು ಇರಬಾರದು, ಹೊದ್ದವರ ಹೊಟ್ಟಿ ತುಂಬಿರಬೇಕು ಅಂತ. ಖಡಕ ರೊಟ್ಟಿ ಒಂದು ಚೂರು ಕ್ಯಾರೊಲ್ ಕೈಯ್ಯಾಗ ಕೊಟ್ಟೆ. ಅಕಿ ಟಕ್ ಅಂತ ಬಡದು ನೋಡಿದ್ಳು, ಆ ಸಾಹೇಬನಂಗ. ಒಳಗ ಇಟ್ಳು.

ಶನಿವಾರ ಲಗ್ನ. ಪ್ರಾರ್ಥನಾ ಮಂದಿರದ್ದ ದೊಡ್ಡ ಹಾಲ್, ಅದರಾಗ ಎರಡೂ ಕಡೆ ಬಾಸ್ಕೆಟ್‌ಬಾಲ್ ಬುಟ್ಟಿ. ವಾರದ ದಿನ ಹುಡುಗರು ಆಡ್ತಾರಂತ. ಲಗ್ನಾ ಹಚ್ಚಿದ ಬಿಷಪ್ ಅನ್ನಾಂವ ಟೈರ್ ಅಂಗಡಿ ನಡಸಾಂವ. ಅವರಲ್ಲೆ ಊರ ಮಂದಿಯೊಳಗ ಒಬ್ಬರು ಪಾಳಿಲೆ ಆ ಕೆಲಸ ಮಾಡ್ತಾರ, ಪಗಾರಿಲ್ಲ. ಡೀನ್‌ನ ಕೋಟು ತೋಳಿಗೆ ಗಿಡ್ಡ. ಲೊರೇನ್ ನನ್ನ ಇನ್ನೊಂದು ಇಳಕಲ್ ಸೀರಿ ಮಡಚಿ ಶಾಲಿನಂಗ ಹೊದ್ದಿದ್ಳು. ಬಿಷಪ್ ಮಾತು ಮುಗಿಸಿದ ಕೂಡಲೆ ನಮ್ಮ ಮನಿಯವರು ಕಿಸೆದಿಂದ ಅರಿಶಿಣದ ಅಕ್ಕಿ ತೆಗೆದು ಚೆಲ್ಲಿದ್ರು. ಒಂದು ಗಳಿಗಿ ಎಲ್ಲಾರೂ ಗಾಬರಿ. ಮುಂದ ಬಂದು ಅವರ ಕೈಯ್ಯಾಗಿನ ಅಕ್ಕಿಯೊಳಗ ಪಾಲು ತಗೊಂಡಾಕಿ ಕ್ಯಾರೊಲ್. ಗುರಿ ಇಟ್ಟು ತಾಯಿ ತಲಿ ಮ್ಯಾಲ ಹಾಕಿದ್ಳು.

ನಾನೂ ಹಾಕಿದೆ. ಅಣ್ಣ-ತಂಗಿ ಅಂತ ಮನಸ್ಸಿನ್ಯಾಗ ಒಂದು ಮೂಲಿ ಇನ್ನೂ ಅನಕೋತ ಇತ್ತು, ಅನಲಿ. ಉಳಿದ ದಿನ ಲೊರೇನ್‌ನ ಚಿಂದಿ ಬುಟ್ಟಿಯೊಳಗಿನ ತುಣುಕು ಆರಿಸಿಕೊಂಡು ನಾ ಒಂದು ಸಣ್ಣ ಕೌದಿ ಹೊಲಿದೆ. ಒಂದು ಮೂಲಿ ಹೊಲೀದ ಹಂಗ ಬಿಟ್ಟೆ, ರೊಟ್ಟಿ ಇಡೂದು ಬಾಕಿ ಇತ್ತು.

ಪೀರನವಾಡಿ ಸ್ಟಾಪು

ಬೆಳಗಾವಿಗೆ ಬಂದ ಮೂರನೇ ದಿನ ಇಬ್ಬರೂ ಖಾನಾಪುರ ಬಸ್ಸು ಹತ್ತಿದ್ವಿ. ಪೀರನವಾಡಿ ಬಂತು. ನಾ ಎದ್ದೆ.

"ಅಕ್ಕಾರ, ಖಾನಾಪುರ ಇನ್ನೂ ದೂರ ಐತ್ರಿ" ಅಂದ ಕಂಡಕ್ಟರ್. ದಿನಾ ನೋಡಾಂವ, ಅಂವಗ ನನ್ನ ಸ್ಟಾಪು ಬಾಯಿಪಾಠ.

"ಇಲ್ಲೇ ಇಳೀತೀನಪಾ" ಅಂದೆ. ನಮ್ಮ ಮನಿಯವರು ಹಿಂದ ಹಿಂದ ಬಂದ್ರು, ಮೊದಲನೇ ಸಲ ಬಂದವರಂಗ ಮನಿ ನಂಬರ್ ಹುಡುಕೂ ನಾಟಕ ಬ್ಯಾರೆ ಮಾಡಿದ್ರು.

ಬಾಗಲಾ ತೆಗದಾಕಿ ಇಪ್ಪತ್ತರ ಹುಡುಗಿ. ನಮ್ಮವ್ವನ ಹಣಿ, ನಮ್ಮವ್ವನ ಗದ್ದ. ಇವರನ್ನ ನೋಡಿ ನಕ್ಕಳು, ನನ್ನ ನೋಡಿ ಬಾಗಲಾ ಹಿಡಕೊಂಡ್ಳು. ಗೊತ್ತಾತು ಅಕಿಗೆ.

"ಬರ್ರಿ" ಅಂದ್ಳು, ಆದ್ರ ಬಾಗಲದಾಗ ಅಡ್ಡಾಗಿ ನಿಂತಿದ್ಳು. ಆಮ್ಯಾಲ ಸಣ್ಣ ದನಿಲೆ ಕೇಳಿದ್ಳು, "ನಿಮಗ ನಾ ಏನನಬೇಕ್ರಿ? ಅವ್ವನ ಕಡಿಂದ ದೊಡ್ಡವ್ವ. ಅಪ್ಪನ ಕಡಿಂದ ಅತ್ತಿ."

ಎಂಥಾ ಪ್ರಶ್ನೆ ಅದು! ಎರಡೂ ಹಿಡಿದು ಯಾರೂ ನನ್ನ ಕರದಿರಲಿಲ್ಲ. ಇಪ್ಪತ್ತೆರಡು ವರ್ಷ ಯಾವ ಗಂಟು ನೋಡಿ ನಾ ಮಾರಿ ತಿರುಗಿಸಿದ್ನೋ, ಅದ ಗಂಟು ಬಾಗಲದಾಗ ನಿಂತು ನನ್ನ ಕೇಳಾಕತ್ತಿತ್ತು.

"ಎರಡೂ ಆಗ್ತೀನವಾ ನಾ ನಿನಗ" ಅಂದೆ. "ನಿನ್ನ ಹೆಸರೇನ?"

"ಗಂಗಾ" ಅಂದ್ಳು ಹುಡುಗಿ.

ನಾ ನಮ್ಮ ಮನಿಯವರ ಕಡೆ ನೋಡಿದೆ. ಅವರು ಗೋಡಿ ಕಡೆ ನೋಡಾಕತ್ತಿದ್ರು. ಒಳಗಿಂದ ಚಹಾ ಕುದಿಯೂ ವಾಸನಿ ಬಂತು, ಯಾಲಕ್ಕಿದು. ಕೌದಿ ಎದಿಗೆ ಅವಚಿಕೊಂಡು ಹೊಸ್ತಿಲದ ಹೊರಗ ನಿಂತ ಇದ್ದೆ ನಾನು.

"ಯಾರ ಬಂದಾರಬೇ?" ಅಂತ ಅಡಗಿಮನಿಯಿಂದ ಶೋಭಾನ ದನಿ.

ಹುಡುಗಿ ನನ್ನ ಕೈ ಹಿಡಿದು ಒಳಗ ಎಳಕೊಂಡು, ಮನಿ ತುಂಬ ಕೇಳೂವಂಗ ಕೂಗಿದ್ಳು.

"ಅವ್ವಾ, ನಿಮ್ಮಕ್ಕ ಬಂದಾಳ! ಅಪ್ಪಾ, ನಿನ್ನ ತಂಗಿ ಬಂದಾಳ!"